ಇಪ್ಪತ್ಮೂರು ಕೋಟಿಯ ಮೇಲೊಂದು ಮುಯ್ಯಿ

ನಮ್ಮ ಯಜಮಾನರಿಗೆ ಸೊನ್ನೆ ಕಂಡರೆ ಆಗುವುದಿಲ್ಲ. ಮದುವೆಯಲ್ಲಿ ನೂರು ರೂಪಾಯಿ ಮುಯ್ಯಿ ಮಾಡಿ ಹೊರಟವರನ್ನು ಕೂಗಿ ಕರೆಯುತ್ತಾರೆ. 'ಮ್ಯಾಲೊಂದು ರೂಪಾಯಿ ಹಚ್ರಿ. ನೂರು ಅಂದ್ರ ಭಾಗ ಆಗ್ತೈತಿ, ಗಂಡ ಹೆಂಡ್ತಿ ಬ್ಯಾರೆ ಆಗ್ತಾರ.' (ನೂರಾ ಒಂದು ಬಂದವರೂ ಬೇರೆಯಾಗಿದ್ದಾರೆ. ಅದನ್ನು ಕೇಳಬಾರದು.)

ಮೊನ್ನೆ ಮೊಮ್ಮಗಳು ಸಿಂಚನಾ ಶಾಲೆಯ ಗಣಿತ ಸ್ಪರ್ಧೆಗೆ ಚಾರ್ಟ್ ಮಾಡುತ್ತಿದ್ದಳು. ಒಂದು ದೊಡ್ಡ ಸಂಖ್ಯೆ ಆರಿಸಿಕೊಂಡು ಅದರ ಗುಣ ವಿವರಿಸಬೇಕಂತೆ. ಗೆದ್ದವರು ಮುಂದಿನ ಸುತ್ತಿಗೆ ಶಿರಸಿಗೆ. ಅಲ್ಲಿಗೆ ಹೋಗಲೇಬೇಕೆಂದು ಹುಡುಗಿಗೆ ಊಟ ನಿದ್ದೆ ಬೇಡವಾಗಿತ್ತು.

ಅವಳು ಆರಿಸಿದ್ದು 23,27,92,560. ಒಂದರಿಂದ ಇಪ್ಪತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲವಂತೆ. 'ಅಂಥಾ ಸಂಖ್ಯೆಯೊಳಗ ಇದೇ ಎಲ್ಲಕ್ಕಿಂತ ಸಣ್ಣದು, ಅಜ್ಜಿ' ಎಂದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಪ್ಪತ್ಮೂರು ಕೋಟಿಯನ್ನು ಸಣ್ಣದು ಎನ್ನುವ ಮೊಮ್ಮಗಳನ್ನು ಪಡೆಯಲು ಎಷ್ಟು ಪುಣ್ಯ ಮಾಡಿದ್ದೆನೋ?

ಬಣ್ಣದ ಕಾಗದದಲ್ಲಿ ಅಂಕಿ ಕತ್ತರಿಸಿ ಅಂಟಿಸುವ ಕೆಲಸ ಅಜ್ಜನದು. ಎಲ್ಲ ಅಂಟಿಸಿದರು. ಕೊನೆಯ ಸೊನ್ನೆ ಕೈಗೆ ಬಂತು. ಒಳ್ಳೆಯ ಕೆಲಸಕ್ಕೆ ಹೊರಟ ಸಂಖ್ಯೆ ಸೊನ್ನೆಯಲ್ಲಿ ನಿಲ್ಲಬಹುದೇ? ಯಾರಿಗೂ ಹೇಳದೆ ಸೊನ್ನೆಯ ಬದಲು ಒಂದು ಅಂಟಿಸಿ, ಚಾರ್ಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರು.

ಸ್ಪರ್ಧೆಯ ದಿನ ನಾವಿಬ್ಬರೂ ಮುಂದಿನ ಬೆಂಚಿನಲ್ಲಿ. ಸಿಂಚನಾ ಚಾರ್ಟ್ ತೂಗುಹಾಕಿದವಳೇ ಸಭೆಯ ಕಡೆ ತಿರುಗಿ ಪಟಪಟನೆ ಹೇಳಿ ಮುಗಿಸಿದಳು. ಪರೀಕ್ಷಕರು ಚಾರ್ಟ್ ನೋಡಿ ನಕ್ಕರು.

'ಎರಡರಿಂದಾನೇ ಹೋಗೂದಿಲ್ಲಲ್ಲವಾ ಇದು?'

ಸಭೆಯೂ ನಕ್ಕಿತು. ಹುಡುಗಿ ಚಾರ್ಟಿನ ತುದಿ ನೋಡಿದಳು. ಆಮೇಲೆ ಅಜ್ಜನನ್ನು ನೋಡಿದಳು. ಅಜ್ಜ ಹೆಮ್ಮೆಯಿಂದ ತಲೆಯಾಡಿಸಿದರು.

'ಏನ್ ಮಾಡೀರಿ?' ಎಂದೆ ಮೆಲ್ಲಗೆ.

'ಆಶೀರ್ವಾದ ಮಾಡೇನಿ. ಸುಮ್ಕಿರು.'

ಶಿರಸಿ ಕೈತಪ್ಪಿತು ಅಂದುಕೊಂಡೆ. ಅಷ್ಟರಲ್ಲಿ ಸಿಂಚನಾ ಗಂಟಲು ಸರಿಮಾಡಿಕೊಂಡಳು.

'ಸರ್, ನನ್ನ ಸಂಖ್ಯೆಗೆ ನಮ್ಮಜ್ಜ ಒಂದು ಮುಯ್ಯಿ ಮಾಡ್ಯಾರ. ಸೊನ್ನೆ ಇದ್ದಾಗ ಎಲ್ಲಾದರಿಂದಾನೂ ಭಾಗ ಆಗ್ತಿತ್ತು. ಈಗ ಎರಡರಿಂದ ಇಪ್ಪತ್ತರ ತನಕ ಯಾವುದರಿಂದಾನೂ ಆಗೂದಿಲ್ಲ. ಪ್ರತಿ ಸಲ ಶೇಷ ಒಂದೇ ಬರ್ತೈತಿ. ಬೇಕಾದ್ರ ನೋಡ್ರಿ.'

ಪರೀಕ್ಷಕರು ಸೀಮೆಸುಣ್ಣ ಹಿಡಿದರು. ಏಳರಿಂದ ಭಾಗಿಸಿದರು. ಒಂದು ಉಳಿಯಿತು. ಹದಿಮೂರರಿಂದ ಭಾಗಿಸಿದರು. ಮತ್ತೆ ಒಂದು. ಹತ್ತೊಂಬತ್ತಕ್ಕೂ ಅದೇ. ಸೀಮೆಸುಣ್ಣ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಸಿಂಚನಾ ಶಿರಸಿಗೆ ಆಯ್ಕೆಯಾದಳು. ನಾನು ಕುಣಿಯುವುದೊಂದು ಬಾಕಿ. (ಮೊಣಕಾಲು ಒಪ್ಪಲಿಲ್ಲ.)

ಆದರೆ ಗೆದ್ದದ್ದು ಯಾರು ಗೊತ್ತೇ? ಮನೆಗೆ ಬರುವಾಗ ಬಸ್ ಕಂಡಕ್ಟರಿಗೆ, ಬಂದ ಮೇಲೆ ಹಾಲಿನವನಿಗೆ, ಫೋನಿನಲ್ಲಿ ಬೀಗರಿಗೆ, ಒಂದೇ ಉಪನ್ಯಾಸ. 'ಒಂದು ಹಚ್ಚಿದ್ರ ಭಾಗ ಆಗೂದಿಲ್ಲ ಅಂತ ನಾ ಮೊದ್ಲಿಂದ ಹೇಳ್ತಿದ್ನಿಲ್ಲೋ?'

ಗಣಿತದವರೇ ಒಪ್ಪಿದ ಮೇಲೆ ಈ ಮನುಷ್ಯನನ್ನು ಇನ್ನು ಹಿಡಿಯುವವರು ಯಾರು?