ಇಳಿದ ಭತ್ತ, ಅಳಿದ ತೂಕ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ವೇಬ್ರಿಜ್ ತೂಕ ಬರೆಯುವುದು ನನ್ನ ಕೆಲಸ. ಹೈಸ್ಕೂಲ್ ಮಾತ್ರ ಓದಿದವನು ಮುದಿವಯಸ್ಸಿನಲ್ಲಿ ಕಂಪ್ಯೂಟರ್ ಕಲಿತೆನೆಂಬ ಜಂಬ ಬೇರೆ. ಭತ್ತದ ಟ್ರ್ಯಾಲಿಯನ್ನು ತುಂಬಿದ್ದಾಗ ಒಮ್ಮೆ ತೂಗುತ್ತೇವೆ, ಮಾಲು ಇಳಿಸಿ ಬಂದ ಮೇಲೆ ಖಾಲಿ ತೂಗುತ್ತೇವೆ. ನಡುವಿನ ಅಂತರವೇ ರೈತರ ಭತ್ತ. ಹಿಂದೆ ತುಂಬಿದ ತೂಕವನ್ನು ಟ್ರ್ಯಾಲಿಯ ಬದಿಗೇ ಸೀಮೆಸುಣ್ಣದಿಂದ ಬರೆಯುತ್ತಿದ್ದೆವು. ಕಂಪ್ಯೂಟರ್ ನೆನಪಿಡುತ್ತದಲ್ಲ ಎಂದು ಆ ರೂಢಿ ಬಿಡಿಸಿದವನು ನಾನೇ.

ಆ ದಿನ ಹಿಟ್ನಾಳ ಕಡೆಯ ಹೆಣ್ಣುಮಗಳೊಬ್ಬಳು ಭತ್ತ ತಂದಿದ್ದಳು. ತುಂಬಿದ ಟ್ರ್ಯಾಲಿ ತೂಗಿ ಒಳಗೆ ಕಳಿಸಿದೆ. ಅಷ್ಟರಲ್ಲಿ ಪರದೆಯ ಮೇಲೆ ದಿನವೂ ಬರುವ ಅದೇ ಪ್ರಶ್ನೆ: ಹೊಸ ಆವೃತ್ತಿ ಬಂದಿದೆ, ಹಾಕಲೇ? ಸುಗ್ಗಿ ಮುಗಿಯುವ ತನಕ ಮುಟ್ಟಬೇಡ ಎಂದು ಗಿರಣಿಯ ಸಾಹುಕಾರರು ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. ಒತ್ತಿಯೇಬಿಟ್ಟೆ!

ಮಶಿನ್ ಆರಿ ಮತ್ತೆ ಹತ್ತಿತು. ಏನು ಬಣ್ಣ, ಏನು ಬೆಡಗು! ಒಬ್ಬರನ್ನು ಊಟಕ್ಕೆ ಕರೆದರೆ ಮನೆಮಂದಿಯೆಲ್ಲ ಬಂದಂತೆ ಹವಾಮಾನ, ಇಸ್ಪೀಟು, ಹಾಡು, ನಾನು ಕೇಳದ ಏನೇನೋ ಬಂದು ಕೂತಿದ್ದವು. ಮಗುವಿನ ಹಾಗೆ ಒಂದೊಂದನ್ನೇ ತೆರೆದು ನೋಡಿದೆ. ಕೊನೆಗೆ ತೂಕದ ಪ್ರೋಗ್ರಾಂ ಒತ್ತಿದರೆ ಅದು ತೆರೆಯಲೇ ಇಲ್ಲ. ಅದು ನಂಬಿಕೊಂಡಿದ್ದ ಹಳೆಯ ಭಾಗವೊಂದನ್ನು ಎಬ್ಬಿಸಿ ಕಳಿಸಿ, ಕರೆಯದೆ ಬಂದ ಹೊಸದೊಂದು ಆ ಜಾಗ ಹಿಡಿದಿತ್ತು. ತುಂಬಿದ ತೂಕವೂ ಅದರೊಳಗೇ ಹೋಯಿತು. ಅಂಕಿ ನನಗೆ ನೆನಪಿರಲಿಲ್ಲ.

ಖಾಲಿ ಟ್ರ್ಯಾಲಿ ಬಂದು ನಿಂತಿತು. ಕರೆಂಟ್ ಹೋಗಿ ತೂಕ ಅಳಿಸಿಹೋಯಿತೆಂದು ಆಕೆಗೆ ಸುಳ್ಳು ಹೇಳಿದೆ. ಅಂದಾಜಿನ ತೂಕವೊಂದನ್ನೂ ಹೇಳಿದೆ.

"ನೀವು ಹೇಳಿದ್ದ ಖರೆ ಕಾಕಾ, ಬರಕೊಳ್ರಿ," ಎಂದಳು.

ಬರೆಯಲು ಕೈ ಏಳಲಿಲ್ಲ. ಕಿಟಕಿಯಾಚೆ ನೋಡಿದರೆ ಇನ್ನೊಬ್ಬರ ಟ್ರ್ಯಾಲಿ ಆಕೆಯ ರಾಶಿಯ ಮೇಲೇ ಸುರಿಯಲು ಹಿಂದಕ್ಕೆ ಸರಿಯುತ್ತಿದೆ. ಬೆರೆತರೆ ಮುಗಿಯಿತು! ಬರಿಗಾಲಲ್ಲಿ ಓಡಿದೆ. ಟ್ರ್ಯಾಲಿಯ ಬದಿ ದಬದಬ ಬಡಿದೆ. ಡ್ರೈವರ್ ಬ್ರೇಕ್ ಒತ್ತಿದ. ಆಕೆ ಹಿಂದೆಯೇ ಬಂದಿದ್ದಳು.

"ಕರೆಂಟ್ ಹೋಗಿಲ್ಲಬೇ ಯವ್ವಾ," ಎಂದೆ ಏದುಸಿರಲ್ಲಿ. "ಬ್ಯಾಡಂದ್ರೂ ನಾನ ಮಶಿನ್ ಕೆಡಿಸೀನಿ. ನಿನ್ನ ನೆಲ್ಲು ಮತ್ತ ತುಂಬಿ ತೂಗೂಣು."

ಹಮಾಲರು ಬುಟ್ಟಿ ಹಿಡಿದರು. ಅವರಲ್ಲಿ ಹಿರಿಯವನು, "ಮಶಿನ್ ಹೊಸಾದು ಮಾಡಾಕ ಹೋಗಿ ನಮ್ಮ ಸೊಂಟ ಮುರದಿ ನೋಡು ಕಾಕಾ," ಎಂದು ಚುಚ್ಚಿದ. ನಾನೂ ಒಂದು ಬುಟ್ಟಿ ಎತ್ತಿಕೊಂಡೆ.

ತುಂಬಿದ ಟ್ರ್ಯಾಲಿ ಮತ್ತೆ ವೇಬ್ರಿಜ್ ಹತ್ತಿತು. ಕಂಪ್ಯೂಟರ್ ಕೆಟ್ಟರೂ ಪಕ್ಕದಲ್ಲಿ ಅಂಕಿ ತೋರಿಸುವ ತೂಕದ ಪೆಟ್ಟಿಗೆ ಕೆಟ್ಟಿರಲಿಲ್ಲ. ಅದರ ಕೆಂಪು ಅಂಕಿಗಳು ಕುಣಿದು ಕುಣಿದು ನಿಂತವು. ಆಗಲೇ ಅದರಲ್ಲಿ ನೋಡಿ ಬರೆದಿಟ್ಟಿದ್ದ ಖಾಲಿ ತೂಕ ಕಳೆದು ನೋಡಿದರೆ ನನ್ನ ಅಂದಾಜಿಗಿಂತ ನಾಲ್ಕು ಚೀಲದಷ್ಟು ಹೆಚ್ಚು! ಕೈಯಿಂದಲೇ ಚೀಟಿ ಬರೆದುಕೊಟ್ಟೆ.

ಆಕೆ ಚೀಟಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೈಯಲಿಲ್ಲ.

"ಮುಂದಿನ ಸಲ ನಾನೂ ಒಳಗ ಬಂದು ನೋಡ್ತೀನ್ರಿ," ಎಂದಳು.

ಬಂದೇ ಬಂದಳು. ಈಗ ಪ್ರತಿ ಸುಗ್ಗಿಗೂ ನನ್ನ ಹೆಗಲ ಹಿಂದೆ ನಿಂತು ಅಂಕಿಯನ್ನು ಆಕೆಯೇ ಜೋರಾಗಿ ಓದುತ್ತಾಳೆ. ನಾನು ಬರೆದುಕೊಳ್ಳುತ್ತೇನೆ.