ಮೊದಲನೇ ಹಾಳೆ

ಬೇಲೂರಿನ ನಮ್ಮ ಟೈಪಿಂಗ್ ಮೇಡಂ ಯಾರಿಗೂ ಸಮಾಧಾನ ಹೇಳಿದವರಲ್ಲ. ಅಪ್ಪ ಲಕ್ವ ಹೊಡೆದು ಮಲಗಿದ್ದ ವರ್ಷ, ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಬಂದು ಕೂತರೆ ನನ್ನ ಬೆರಳುಗಳು ನಡುಗುತ್ತಿದ್ದವು. ಅವರು ಸೆರಗಿನಿಂದ ಕನ್ನಡಕ ಒರೆಸುತ್ತ, "ಮೊದಲನೇ ಹಾಳೆ ನಿಂದು, ಏನಾದ್ರೂ ಹೊಡ್ಕೋ. ನಾನು ಓದಲ್ಲ ಕಣೇ. ಎರಡನೇದ್ರಲ್ಲಿ ತಪ್ಪಿರಬಾರ್ದು" ಎನ್ನುತ್ತಿದ್ದರು.

ಮನೆಯಲ್ಲಿ ಹೇಳಲಾಗದ ಭಯ, ಸಿಟ್ಟು ಎಲ್ಲವನ್ನೂ ದಿನವೂ ಕುಟ್ಟುತ್ತಿದ್ದೆ. ಅವರು ಆ ಹಾಳೆಯನ್ನು ಓದದೆ ಹರಿದು ಬುಟ್ಟಿಗೆ ಹಾಕುತ್ತಿದ್ದರು. ಅಪ್ಪ ಇನ್ನೂ ಎದ್ದಿರಲಿಲ್ಲ, ಆದರೆ ನನ್ನ ಬೆರಳುಗಳ ನಡುಕ ನಿಂತಿತು.

ಒಂದು ದಿನ, "ಇವತ್ತು ಮೊದಲನೇ ಹಾಳೆ ಬೇಡ ಮೇಡಂ" ಎಂದೆ.

"ಹಾಗಾದ್ರೆ ಸ್ವಲ್ಪ ಏಳು" ಎಂದು ನನ್ನ ಜಾಗದಲ್ಲಿ ಕೂತು, ಹಾಳೆ ತುಂಬುವವರೆಗೂ ಟೈಪ್ ಮಾಡಿದರು.

ಅದನ್ನು ಓದದೆ ಹರಿದು ಬುಟ್ಟಿಗೆ ಹಾಕಿದವಳು ನಾನು.