ಮಗಳ ಪಾಳಿಗೆ ಹೋದ ಬ್ರೇಕ್ ಮಾಮ

ಓದಲೆಂದು ಕಳಿಸಿದ ಮಗಳಿಗೆ ಬಸ್ಸಿನ ಅಡಿಯಲ್ಲಿ ಮಲಗಿ ಗ್ರೀಸ್ ಬಳಿಯುವ ಕೆಲಸ ಹಚ್ಚಿದ್ದಾರೆಂದು ಕೇಳಿ ಬ್ರೇಕ್ ಮಾಮನಿಗೆ ಗರ ಬಡಿದ ಹಾಗಾಯಿತು. ಚಹಾದ ಲೋಟ ಹಿಡಿದು ಹಾಗೇ ಕೂತುಬಿಟ್ಟ. ಇದೆಂಥಾ ಓದು?

ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಜೀವಮಾನವಿಡೀ ಬಸ್ಸು ಓಡಿಸಿ, ಕೆಟ್ಟರೆ ತಾನೇ ರಿಪೇರಿ ಮಾಡಿ ನಿವೃತ್ತನಾದವನು, ಬೇರೆ ಯಾರೇ ಗಾಡಿ ಓಡಿಸಲಿ, ಪಕ್ಕದಲ್ಲಿ ಕೂತು ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಮಗಳ ವಿಷಯದಲ್ಲೂ ಅಷ್ಟೇ. ತಾಯಿಯಿಲ್ಲದ ಹುಡುಗಿಯೆಂದು ಸ್ಟೌ ಹಚ್ಚಲೂ ಬಿಟ್ಟವನಲ್ಲ.

ವಿಶ್ವವಿದ್ಯಾಲಯದ ಕುಲಪತಿಗಳು ಹೊರದೇಶಕ್ಕೆ ಹೋಗಿದ್ದಾಗ, ಅಲ್ಲಿನ ವಿದ್ಯಾರ್ಥಿಗಳು ಅರ್ಧ ದಿನ ಓದಿ ಅರ್ಧ ದಿನ ದುಡಿಯುವುದಕ್ಕೆ ಮಾರುಹೋಗಿ, ಆ ಪದ್ಧತಿಯನ್ನು ಇದ್ದ ಹಾಗೇ ಹೊತ್ತು ತಂದಿದ್ದರು. ದುಡಿಮೆಯೂ ಒಂದು ಪಾಠ. ಅದರಲ್ಲಿ ಪಾಸಾಗದಿದ್ದರೆ ಮುಂದಿನ ತರಗತಿಯಿಲ್ಲ. ಮಕ್ಕಳ ಬದಲು ಹೆತ್ತವರು ದುಡಿಯಲು ಬಂದಾರೆಂದು ಅಲ್ಲಿ ಯಾರ ಕನಸಿಗೂ ಬಂದಿರಲಿಲ್ಲ, ಹಾಗಾಗಿ ಬರಬಾರದೆಂಬ ನಿಯಮವೂ ಇರಲಿಲ್ಲ. ಇಲ್ಲಿ ನೋಡಿದರೆ ಮೊದಲ ವಾರವೇ ಒಬ್ಬನ ತಾಯಿ ಗಿಡಗಳಿಗೆ ನೀರು ಹಾಕುತ್ತಿದ್ದಳು, ಇನ್ನೊಬ್ಬನ ಸೋದರಮಾವ ಗ್ರಂಥಾಲಯದ ಧೂಳು ಹೊಡೆಯುತ್ತಿದ್ದ. ಮಕ್ಕಳು ಓದಬೇಕಲ್ಲ!

ಮಾಮನೂ ಹಳೇ ಖಾಕಿ ತೊಟ್ಟು ವಿಶ್ವವಿದ್ಯಾಲಯದ ಬಸ್ಸುಗಳ ಶೆಡ್ಡಿಗೆ ಹೋದ. "ಮಗಳಿಗೆ ಮೈ ಹುಷಾರಿಲ್ಲ, ಅವಳೇ ಕಳಿಸಿದ್ಲು. ಅವಳ ಪಾಳಿ ನಾನು ಮಾಡ್ತೀನಿ" ಎಂದ. ಮೇಸ್ತ್ರಿಗೆ ಕೆಲಸ ಬಲ್ಲ ಕೈ ಸಿಕ್ಕಿದ್ದೇ ಸಾಕಾಗಿತ್ತು. ಮನೆಯಲ್ಲಿ ಹೇಳಿದ್ದೇ ಬೇರೆ: "ಹೆಣ್ಣುಮಕ್ಕಳು ಬೇಡ ಅಂದ್ರು ಮೇಸ್ತ್ರಿ. ಹಾಜರಿ ಹಾಕ್ತಾರಂತೆ, ನೀನು ಓದ್ಕೋ. ಹೋಗಿ ಕೇಳಿ ಅವರ ಕೋಪ ಕಟ್ಕೋಬೇಡ." ತನಗೊಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದೆಯೆಂದೂ ಸೇರಿಸಿದ. ಮಗಳ ಮುಖ ಸಪ್ಪಗಾಯಿತು. ಓದಿ ದಣಿದಿರಬೇಕು ಎಂದುಕೊಂಡ, ಮಹಾನುಭಾವ.

ದುಡಿಮೆಯ ಪರೀಕ್ಷೆಯ ದಿನ ಬಂತು. ಹಾಜರಿ ನೋಡಿ ಪಾಸು ಮಾಡುತ್ತಾರೆಂದು ನಂಬಿದ್ದ ಮಾಮ, ಮಗಳು ಬರುವ ಹೊತ್ತಿಗೆ ಜಾಗ ಖಾಲಿ ಮಾಡಬೇಕೆಂದಿದ್ದ. ಆದರೆ ಪರೀಕ್ಷಕರು ಹೊತ್ತಿಗೆ ಮುಂಚೆಯೇ ಬಂದರು, ಜೊತೆಗೆ ಮಗಳೂ. ಮಾಮ ಬಸ್ಸಿನ ಹಿಂದೆ ಅವಿತುಕೊಂಡ.

"ಈ ಚಕ್ರದ ಬ್ರೇಕ್ ಬಿಚ್ಚಿ ಮತ್ತೆ ಕೂರಿಸಮ್ಮ" ಎಂದರು ಪರೀಕ್ಷಕರು.

ಮಗಳು ಸ್ಪ್ಯಾನರ್ ಹಿಡಿದು ನಿಂತಳು. ಅದನ್ನು ಯಾವ ನಟ್ಟಿಗೆ ಹಾಕಬೇಕೆಂದೇ ತಿಳಿಯಲಿಲ್ಲ. "ನನ್ನನ್ನ ಒಳಗೇ ಬಿಟ್ಟಿಲ್ಲ ಸರ್. ಹೆಣ್ಣುಮಕ್ಕಳು ಬೇಡ ಅಂದ್ರಂತೆ ಮೇಸ್ತ್ರಿ."

"ನಾನಾ?" ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. "ನಿನಗೆ ಹುಷಾರಿಲ್ಲ ಅಂತ ನಿಮ್ಮಪ್ಪ ದಿನಾ ಬರ್ತಿದ್ದಾರಲ್ಲಮ್ಮ. ಅಗೋ, ಅಲ್ಲೇ ಇದ್ದಾರೆ."

ಮಾಮ ಹೊರಗೆ ಬಂದು ಕಪ್ಪಾದ ಕೈಗಳನ್ನೇ ಮುಗಿದ. "ತಪ್ಪು ನನ್ನದು ಸ್ವಾಮಿ. ಅವಳನ್ನ ಪಾಸ್ ಮಾಡಿ."

"ಕೆಲಸಾನೇ ಬರದವಳಿಗೆ ಏನಂತ ಅಂಕ ಕೊಡಲಿ?" ಪರೀಕ್ಷಕರೂ ತಬ್ಬಿಬ್ಬಾಗಿದ್ದರು. "ಈ ವರ್ಷ ಹೋದ ಹಾಗೇ."

ಮಗಳು ಅಳಲಿಲ್ಲ. ಅಪ್ಪನನ್ನು ಗುರುತೇ ಸಿಗದವಳ ಹಾಗೆ ನೋಡಿದಳು. "ನಂಗೆ ಗ್ರಂಥಾಲಯ ಕೊಟ್ಟಿದ್ರು ಅಪ್ಪ. ನಾನೇ ಶೆಡ್ ಕೇಳಿ ತಗೊಂಡೆ. ನೀನು ಮಾಡ್ತಿದ್ದ ಕೆಲಸ ನಂಗೂ ಬರಲಿ ಅಂತ."

ಮಾಮನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. "ಬಾ, ಈಗ್ಲೇ ಹೇಳ್ಕೊಡ್ತೀನಿ" ಎಂದು ಸ್ಪ್ಯಾನರಿಗೆ ಕೈ ಚಾಚಿದ.

"ಬೇಡ. ನೀನು ಮನೆಗೆ ಹೋಗು." ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಇದನ್ನ ಯಾವ ಕಡೆ ತಿರುಗಿಸಬೇಕು?"

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು ಮಾಮ ಹೊರಗೆ ನಡೆದ.